ನಾಲ್ಕು ಸೂಜಿ, ಇಪ್ಪತ್ತು ಹೊತ್ತಿನ ಹಾಲು

ಜೂನ್ ಹದಿನಾಲ್ಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನನ್ನ ದಿನಚರಿಯಲ್ಲಿ ಆ ಹೊತ್ತಿನ ಮುಂದೆ "ಚರ್ಚಾಸ್ಪರ್ಧೆ ಆರಂಭ" ಎಂದಷ್ಟೇ ಇದೆ. "ಅನಾಹುತ ಆರಂಭ" ಎಂದು ಬರೆದಿದ್ದರೆ ಹೆಚ್ಚು ನಿಖರವಾಗಿರುತ್ತಿತ್ತು!

ಮಾಸ್ತಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿನ ಗ್ರಂಥಾಲಯದಲ್ಲಿ ಯುವಕ ಸಂಘದವರು ಆ ಸ್ಪರ್ಧೆ ಏರ್ಪಡಿಸಿದ್ದರು. ವಿಷಯ ಇದು: ಜನರ ಆರೋಗ್ಯ ಯಾರ ಹೊಣೆ? ವ್ಯಕ್ತಿಯದೋ, ಸರ್ಕಾರದ್ದೋ, ಸಮಾಜದ್ದೋ? ಚೀಟಿ ಎತ್ತಿದಾಗ ನನ್ನ ಪಾಲಿಗೆ ವ್ಯಕ್ತಿ ಬಂದ. ನಾನು ಪದವಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವನು. ಯಾವ ಪಕ್ಷ ಕೊಟ್ಟರೂ ಎಂಟು ನಿಮಿಷ ಮಾತಾಡಬಲ್ಲೆ ಎಂಬ ನಂಬಿಕೆ ನನಗಿತ್ತು.

ಮಾತಾಡಿದೆ. "ನನ್ನ ದೇಹ ನನ್ನದು! ಇದಕ್ಕೆ ಸೂಜಿ ಚುಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ನನ್ನೊಬ್ಬನದು! ಬುದ್ಧಿ ಹೇಳುವ ಹಕ್ಕು ಸರ್ಕಾರಕ್ಕಿದೆ, ನೆರೆಯವರಿಗಿದೆ. ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ!" ಸಭಿಕರು ನಲವತ್ತೊಂದು ಜನ. ಚಪ್ಪಾಳೆ ಬಿದ್ದದ್ದು ಹನ್ನೊಂದು ಸಲ. ಮೊದಲ ಸಾಲಿನಲ್ಲಿ ಕೂತು ಹನ್ನೊಂದು ಸಲವೂ ತಟ್ಟಿದವರು ನಮ್ಮ ಪಕ್ಕದ ಮನೆಯ ನಾರಾಯಣಮ್ಮ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ. ಮೊದಲ ಬಹುಮಾನ ನನಗೇ ಬಂತು. ಆ ರಾತ್ರಿ ದಿನಚರಿಗೆ "ಸತ್ಯ ಗೆದ್ದಿತು" ಎಂದು ಬರೆದು ಅಡಿಗೆರೆ ಎಳೆದೆ.

ಮಾರನೆಯ ದಿನ, ಸೋಮವಾರ, ಬೆಳಗ್ಗೆ ಎಂಟು ಐದು. ದೊಡ್ಡಮ್ಮ ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಬಕೆಟ್ ತೊಳೆಯುತ್ತಿದ್ದರು. ಎಲ್ಲಿಂದಲೋ ಬಂದ ಬೀದಿನಾಯಿಯೊಂದು ಬಕೆಟ್ಟಿಗೆ ಬಾಯಿ ಹಾಕಿತು. ದೊಡ್ಡಮ್ಮ ಬಕೆಟ್ ಎಳೆದರು, ನಾಯಿಯೂ ಎಳೆಯಿತು. ಕೊನೆಗೆ ಅದು ಬಕೆಟ್ ಬಿಟ್ಟು ಅವರ ಬಲಗೈ ಹೆಬ್ಬೆರಳಿನ ಬುಡಕ್ಕೆ ಕಚ್ಚಿ ಓಡಿಹೋಯಿತು.

ನಮ್ಮಮ್ಮ ಸೋಪು ತಂದರು. ನಾನು ಗಡಿಯಾರ ಹಿಡಿದೆ. ಹರಿಯುವ ನಲ್ಲಿ ನೀರಿನಲ್ಲಿ ಸರಿಯಾಗಿ ಹದಿನೈದು ನಿಮಿಷ ಗಾಯ ತೊಳೆಸಿದೆವು. ಸುಣ್ಣ, ಮೆಣಸಿನಪುಡಿ ಹಿಡಿದು ಬಂದ ಇಬ್ಬರನ್ನು ವಾಪಸು ಕಳಿಸಿದೆವು. ಅಷ್ಟರವರೆಗೆ ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೇ ನಡೆಯಿತು.

"ನಡಿ ದೊಡ್ಡಮ್ಮ, ಮಾಲೂರು ಆಸ್ಪತ್ರೆಗೆ ಹೋಗೋಣ. ಹುಚ್ಚುನಾಯಿ ಸೂಜಿ ಹಾಕಿಸ್ಬೇಕು" ಎಂದೆ.

"ಒದ್ದು ನಾಯನಾ" ಎಂದರು ದೊಡ್ಡಮ್ಮ. ಅವರಿಗೆ ಗಟ್ಟಿಯಾಗಿ ಬೇಡ ಅನ್ನಬೇಕೆನಿಸಿದಾಗ ತೆಲುಗು ಬರುತ್ತದೆ.

"ಒದ್ದು ಅಂದ್ರೆ ಹೆಂಗೆ? ಇದು ಪ್ರಾಣದ ವಿಷಯ!"

"ಯಾರ ಪ್ರಾಣ?"

"ನಿನ್ನ ಪ್ರಾಣ!"

"ಮತ್ತೆ? ನನ್ನ ದೇಹ ನನ್ನದು. ಸೂಜಿ ಚುಚ್ಚಿಸ್ಬೇಕೋ ಬೇಡ್ವೋ ನಾನು ತೀರ್ಮಾನ ಮಾಡ್ತೀನಿ. ಬುದ್ಧಿ ಹೇಳು, ಕೇಳ್ತೀನಿ. ಬಲವಂತ ಮಾಡೋ ಹಕ್ಕು ಯಾರಿಗೂ ಇಲ್ಲ. ನಿನ್ನೆ ಏನು ಚೆನ್ನಾಗಿ ಹೇಳ್ದೆ ಕಣೋ ಮಂಜಾ!"

ಒಂದಕ್ಷರ ತಪ್ಪಿರಲಿಲ್ಲ!

ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ, ಕಾಣಿಸುವ ಮೊದಲೇ ಸೂಜಿ ಬೀಳಬೇಕು, ಅದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನನ್ನ ವಾದವನ್ನು ನಾನೇ ಮುರಿಯಲು ನಿಂತೆ. ಹಕ್ಕು ಬೇರೆ ವಿವೇಕ ಬೇರೆ ಎಂದೆ. ಒಬ್ಬರ ರೋಗ ಬೀದಿಯ ಚಿಂತೆ ಎಂದೆ. ಸರ್ಕಾರ ಬಿಟ್ಟಿ ಕೊಡುವ ಔಷಧಿಯನ್ನು ತಿರಸ್ಕರಿಸುವುದು ನಾಗರಿಕರಿಗೆ ಶೋಭೆಯಲ್ಲ ಎಂದೆ. ಒಂದೊಂದಕ್ಕೂ ದೊಡ್ಡಮ್ಮ ನನ್ನ ಭಾಷಣದಿಂದಲೇ ಉತ್ತರ ತೆಗೆದು ಕೊಟ್ಟರು. ಒಂಬತ್ತು ಗಂಟೆಗೆ ಲೆಕ್ಕ ಹೀಗಿತ್ತು: ದೊಡ್ಡಮ್ಮ ನಾಲ್ಕು, ನಾನು ಸೊನ್ನೆ.

"ನಿಂಗೆ ಬಹುಮಾನ ಕೊಟ್ಟೋರ್ನ ಕರ್ಕೊಂಡು ಬಾ, ಅವರೂ ಸ್ವಲ್ಪ ಕೇಳ್ಲಿ" ಎಂದರು ಅಮ್ಮ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಬಾಷಾ ಭಾಯ್ ಬಂದರು. ಎರಡು ನಿಮಿಷ ನನ್ನ ವಾದ ಕೇಳಿ, ಕೈ ತೋರಿಸಿ ನಿಲ್ಲಿಸಿದರು.

"ಸಾಕು ಮಾಡಪ್ಪ. ನಾರಾಯಣಕ್ಕಾ, ಒಂದು ಮಾತು ಹೇಳು. ಆಸ್ಪತ್ರೆಗೆ ಹೋದ್ರೆ ಕೈಗೆ ಪಟ್ಟಿ ಕಟ್ತಾರೆ. ಕಟ್ಟಿದ್ರೆ ಹಾಲು ಕರೆಯೋಕಾಗಲ್ಲ. ಅದಕ್ಕೆ ತಾನೇ?"

ದೊಡ್ಡಮ್ಮ ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಕೆಂಚಿ ನಿಂತಿದ್ದಳು. ಕೆಂಚಿ ದೊಡ್ಡಮ್ಮನ ಸೀಮೆಹಸು, ಅವರ ಮನೆ ನಡೆಯುವುದೇ ಅವಳಿಂದ. ಆಕೆ ದೊಡ್ಡಮ್ಮನ ಕೈಗಲ್ಲದೆ ಬೇರೆ ಯಾರಿಗೂ ಹಾಲು ಇಳಿಸುವುದಿಲ್ಲ. ಹಿಂದೊಮ್ಮೆ ದೊಡ್ಡಮ್ಮ ಮದುವೆಗೆಂದು ಒಂದು ದಿನ ಹೋಗಿ ಬರುವಷ್ಟರಲ್ಲಿ ಕೆಂಚಿಗೆ ಕೆಚ್ಚಲು ಬಾವು ಬಂದಿತ್ತು.

"ನನ್ನ ಕೈ ಹೋದ್ರೆ ಹೋಗ್ಲಿ. ಅವಳ ಕೆಚ್ಚಲು ಹೋದ್ರೆ ನಾನೇನು ತಿನ್ಲಿ?" ಎಂದರು ದೊಡ್ಡಮ್ಮ, ಮೆಲ್ಲಗೆ.

ಮುಕ್ಕಾಲು ಗಂಟೆ ನಾನು ವ್ಯಕ್ತಿ ಸ್ವಾತಂತ್ರ್ಯದ ಮಿತಿಗಳ ಬಗ್ಗೆ ಮಾತಾಡಿದ್ದೆ. ಅವರು ಮುಕ್ಕಾಲು ಗಂಟೆ ಹಸುವಿನ ಬಗ್ಗೆ ಯೋಚಿಸಿದ್ದರು!

ಆಗ ನನ್ನ ಬಾಯಿಂದ ಆ ವಾಕ್ಯ ಬಂತು. ಸಾಕ್ಷಿಗಳು ಏಳು ಜನ. "ಇಷ್ಟೇನಾ ದೊಡ್ಡಮ್ಮ? ಹಾಲು ನಾನು ಕರೀತೀನಿ!"

ಬಾಷಾ ಭಾಯ್ ಆಟೋ ತಿರುಗಿಸಿದರು. ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು, ಎರಡು ತೋಳಿಗೂ ಸೂಜಿ ಹಾಕಿದರು, ತಾರೀಕು ಬರೆದ ಕಾರ್ಡು ಕೊಟ್ಟರು. ಇವತ್ತು, ಹದಿನೆಂಟಕ್ಕೆ, ಇಪ್ಪತ್ತೆರಡಕ್ಕೆ, ಕೊನೆಯದು ಜುಲೈ ಹದಿಮೂರಕ್ಕೆ. ಸರ್ಕಾರ ತನ್ನ ಕೆಲಸವನ್ನು ನಲವತ್ತು ನಿಮಿಷದಲ್ಲಿ ಮುಗಿಸಿತು. ನರ್ಸಮ್ಮ ಪಟ್ಟಿ ಕಟ್ಟುತ್ತಾ, "ಹತ್ತು ದಿನ ಈ ಕೈಗೆ ಕೆಲಸ ಕೊಡೋ ಹಾಗಿಲ್ಲ. ನಾಲ್ಕು ಸೂಜಿನೂ ತಪ್ಪಿಸೋ ಹಾಗಿಲ್ಲ. ಮನೇಲಿ ನೋಡ್ಕೊಳ್ಳೋರು ಯಾರು?" ಎಂದರು.

"ನಾನು. ಪಕ್ಕದ ಮನೆಯವನು" ಎಂದೆ, ಎದೆ ಉಬ್ಬಿಸಿ. ಸಮಾಜದ ಕರ್ತವ್ಯ ಎಂಬುದಕ್ಕೆ ಅಂದು ಮಾಲೂರಿನಲ್ಲಿ ನನ್ನಷ್ಟು ಒಳ್ಳೆಯ ಉದಾಹರಣೆ ಬೇರೊಂದಿರಲಿಲ್ಲ.

ಸೋಮವಾರ ಸಂಜೆ ಐದು ಗಂಟೆ. ಹೊತ್ತು ಒಂದು. ಉಡುಪು: ಪ್ಯಾಂಟು. ನಾನು ಕುಕ್ಕರುಗಾಲಿನಲ್ಲಿ ಕೂತೆ. ಕೆಂಚಿ ತಿರುಗಿ ನೋಡಿದಳು. ಮುಂದಿನ ದಾಖಲೆ: ಬಕೆಟ್ ನಾಲ್ಕು ಅಡಿ ದೂರ, ನಾನು ಎರಡು ಅಡಿ ದೂರ. ಹಾಲು ಸೊನ್ನೆ.

ಮಂಗಳವಾರ ಬೆಳಗ್ಗೆ. ಹೊತ್ತು ಎರಡು. ಉಡುಪು: ಲುಂಗಿ. "ಸುಮ್ನೆ ಕೂತ್ರೆ ಆಗಲ್ಲ ಕಣೋ, ಅವಳ ಜೊತೆ ಮಾತಾಡ್ಬೇಕು" ಎಂದು ದೊಡ್ಡಮ್ಮ ಬಾಗಿಲಿನಿಂದ ಕೂಗಿದರು. ಹಸುವಿನ ಜೊತೆ ಏನು ಮಾತಾಡುವುದು? ನನಗೆ ಬಾಯಿಪಾಠವಾಗಿದ್ದದ್ದು ಒಂದೇ. "ಪ್ರತಿಯೊಬ್ಬರ ದೇಹವೂ ಅವರವರದೇ" ಎಂದು ಶುರುಮಾಡಿದೆ. ಕೆಂಚಿ ಒಪ್ಪಿಕೊಂಡಳು. ಒಪ್ಪಿಕೊಂಡು ಒದ್ದಳು!

ಈ ಎರಡು ಹೊತ್ತೂ ದೊಡ್ಡಮ್ಮ ಎಡಗೈಯಲ್ಲಿ ಆದಷ್ಟು ಕರೆದು ಹಸುವನ್ನು ಉಳಿಸಿದರು. ಆಮೇಲೆ ಅವರು ಹೇಳಿದ ಮಾತಿಗೆ ನನಗೆ ನಗು ಬರಲಿಲ್ಲ. "ಒಂದು ಪಕ್ಕ ಆಗಲೇ ಗಟ್ಟಿಯಾಗ್ತಾ ಇದೆ ಮಂಜಾ. ನಾಳೆ ಬೆಳಗ್ಗೆ ಇಳಿಸ್ಲಿಲ್ಲ ಅಂದ್ರೆ ಈ ಪಟ್ಟಿ ಬಿಚ್ಚಿ ಬಿಸಾಕ್ತೀನಿ. ಮತ್ತೆ ಆಸ್ಪತ್ರೆ ಕಡೆ ತಲೆನೂ ಹಾಕಲ್ಲ."

ಎರಡನೇ ಸೂಜಿ ಗುರುವಾರಕ್ಕಿತ್ತು. ಅದು ಬೀಳುತ್ತದೋ ಇಲ್ಲವೋ ಎಂಬುದು ಈಗ ಸರ್ಕಾರದ ಕೈಯಲ್ಲಿರಲಿಲ್ಲ, ದೊಡ್ಡಮ್ಮನ ಹಕ್ಕಿನಲ್ಲೂ ಇರಲಿಲ್ಲ. ನನ್ನ ಎರಡು ಕೈಯಲ್ಲಿತ್ತು. ಆ ಕೈಗಳು ಅಲ್ಲಿಯವರೆಗೆ ಪೆನ್ನು ಮಾತ್ರ ಹಿಡಿದಿದ್ದವು.

"ಸೀರೆ ಉಟ್ಕೊಳ್ಳೋ" ಎಂದರು ಅಮ್ಮ, ರಾಗಿಮುದ್ದೆ ಕಟ್ಟುತ್ತಾ, ಮುಖ ಕೂಡ ಎತ್ತದೆ.

"ಏನು?"

"ನಾರಾಯಣಕ್ಕನ ಸೀರೆ ಉಟ್ಕೊಂಡು ಕೂತ್ಕೋ. ಎಷ್ಟೋ ಮನೆಗಳಲ್ಲಿ ಗಂಡಸರು ಹಂಗೇ ಕರೀತಾರೆ. ಊರಲ್ಲಿ ಎಲ್ಲರಿಗೂ ಗೊತ್ತು. ನಿಂಗೊಬ್ನಿಗೇ ಗೊತ್ತಿಲ್ಲ, ಓದಿದೋನು ನೋಡು."

ನನ್ನ ಕುತೂಹಲ ಕೆರಳಿತು. ಹಸು ಗುರುತಿಸುವುದು ಬಟ್ಟೆಯ ಬಣ್ಣವನ್ನೋ, ವಾಸನೆಯನ್ನೋ, ದನಿಯನ್ನೋ? ಮಂಗಳವಾರ ಸಂಜೆ, ಹೊತ್ತು ಮೂರು, ಒಗೆದು ಮಡಿಸಿದ್ದ ನೀಲಿ ಸೀರೆ ಉಟ್ಟು ಕೂತೆ. ಕೆಂಚಿ ಒದೆಯಲಿಲ್ಲ, ಆದರೆ ಇಳಿಸಿದ್ದು ಅರ್ಧ ಲೋಟ. ಬುಧವಾರ ಬೆಳಗ್ಗೆ ದೊಡ್ಡಮ್ಮ ಹಿಂದಿನ ದಿನವೆಲ್ಲ ಉಟ್ಟಿದ್ದ, ಹುಲ್ಲು ಬೂಸಾ ಬೆವರು ಎಲ್ಲ ಸೇರಿದ ಹಸಿರು ಸೀರೆ ಉಟ್ಟೆ. ಅಮ್ಮ ನೆರಿಗೆ ಹಿಡಿದರು, ದೊಡ್ಡಮ್ಮ ಎಡಗೈಯಲ್ಲಿ ಸೆರಗು ಸಿಕ್ಕಿಸಿದರು. ಕೆಂಚಿಯ ಜೊತೆ ಅವರು ಆಡುವ ಮಾತು ತೆಲುಗಿನಲ್ಲೇ. ನನಗೂ ತೆಲುಗು ಬರುತ್ತದೆ, ಆದರೆ ಹಸುವಿಗೆ ಹೇಳುವ ತೆಲುಗೇ ಬೇರೆ. ಅದನ್ನು ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡಿದ್ದೆ.

"ನಾ ತಲ್ಲೀ... ಕದಲೊದ್ದೇ ನಾ ಬಂಗಾರೂ..." ಎಂದು ಓದಿದೆ. ನನ್ನ ತಾಯಿ, ಅಲ್ಲಾಡಬೇಡ ನನ್ನ ಬಂಗಾರ ಎಂದು ಅರ್ಥ.

"ಪರೀಕ್ಷೆಗೆ ಓದ್ದಂಗೆ ಓದ್ಬೇಡ್ವೋ, ಪ್ರೀತಿಯಿಂದ ಹೇಳು!" ಎಂದರು ದೊಡ್ಡಮ್ಮ ಮರೆಯಿಂದ.

ಪ್ರೀತಿಯಿಂದ ಹೇಳಿದೆ. ಕೆಂಚಿ ಒಂದು ಕಿವಿ ಹಿಂದಕ್ಕೆ ತಿರುಗಿಸಿ ಕೇಳಿದಳು. ಮತ್ತೆ ಹೇಳಿದೆ. ಸುರ್ ಎಂದು ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಿತ್ತು. ಗಟ್ಟಿಯಾಗುತ್ತಿದ್ದ ಪಕ್ಕವೂ ನಿಧಾನವಾಗಿ ಮೆತ್ತಗಾಯಿತು. ಐದೂಕಾಲು ಲೀಟರ್! ಬಾಗಿಲ ಮರೆಯಲ್ಲಿ ದೊಡ್ಡಮ್ಮ ಎಡಗೈಯಿಂದ ಕಣ್ಣೊರೆಸಿಕೊಂಡರು. ಪಟ್ಟಿ ಉಳಿಯಿತು. ಗುರುವಾರದ ಸೂಜಿಯೂ ಉಳಿಯಿತು.

ಸಂತೋಷದಲ್ಲಿ ಮನುಷ್ಯ ಮೈಮರೆಯುತ್ತಾನೆ. ನಾನು ಕ್ಯಾನು ಎತ್ತಿಕೊಂಡು ಡೈರಿಗೆ ಓಡಿದೆ. ಸಾಲಿನಲ್ಲಿ ಇಪ್ಪತ್ತಮೂರು ಜನ. ಎಲ್ಲರೂ ಒಮ್ಮೆಲೇ ತಿರುಗಿ ನೋಡಿದರು. ನನ್ನ ಸರದಿ ಬಂದಾಗ ಡೈರಿ ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು, "ಯಾರ ಸೊಸೇನಮ್ಮ ನೀನು?" ಎಂದರು.

ಆಗ ಕೆಳಗೆ ನೋಡಿಕೊಂಡೆ. ಸೀರೆ ಹಾಗೇ ಇತ್ತು!

ಓಡಿಹೋಗುವಂತಿರಲಿಲ್ಲ. ನೆರಿಗೆ ಬಿಚ್ಚಿಕೊಳ್ಳುವ ಸ್ಥಿತಿಯಲ್ಲಿತ್ತು. ಹೇಗೂ ನಿಂತಿದ್ದೇನಲ್ಲ ಎಂದು ಸೊಂಟ ಹಿಡಿದುಕೊಂಡೇ, ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಅವರಿಗೆ ಕೇಳಿದೆ. "ಸಾರ್, ಒಬ್ಬರಿಗೆ ಕಾಯಿಲೆ ಆದಾಗ ಅವರ ಹಸು ನೋಡ್ಕೊಳ್ಳೋದು ಯಾರ ಕರ್ತವ್ಯ?"

ಅವರು ನಿಜವಾಗಿಯೂ ಯೋಚಿಸಿದರು. "ನೋಡಪ್ಪ, ಹಸುಗೆ ಕಾಯಿಲೆ ಆದ್ರೆ ನಾವು ಒಂದು ಫೋನ್ ಮಾಡ್ತೀವಿ, ಡಾಕ್ಟ್ರು ಮನೆ ಬಾಗಿಲಿಗೇ ಬರ್ತಾರೆ. ಹಸು ಯಜಮಾನಿಗೆ ಆದ್ರೆ ಏನು ಮಾಡ್ಬೇಕು ಅಂತ ನಮ್ಮ ಪುಸ್ತಕದಲ್ಲಿ ಬರೆದಿಲ್ಲ."

"ಬರೀಬಾರದಾ?"

"ಬರೀಬಹುದು. ಆದ್ರೆ ಯಾರು ಸೀರೆ ಉಡ್ತಾರೆ?"

ಸಾಲಿನ ಇಪ್ಪತ್ತಮೂರು ಜನರೂ ನಕ್ಕರು. ಒಬ್ಬರೂ ಕೈ ಎತ್ತಲಿಲ್ಲ.

ಎರಡನೇ ಸೂಜಿ ಬಿತ್ತು, ಮೂರನೆಯದೂ ಬಿತ್ತು. ಎರಡು ಸಲವೂ ಬಾಷಾ ಭಾಯ್ ಆಟೋ ತಾನಾಗಿಯೇ ಬಾಗಿಲಿಗೆ ಬಂತು. ಜೂನ್ ಇಪ್ಪತ್ತೈದರ ಬೆಳಗ್ಗೆ ಇಪ್ಪತ್ತನೇ ಹೊತ್ತಿನ ಹಾಲು ಕರೆದು, ಸೀರೆ ಮಡಿಸಿ ದೊಡ್ಡಮ್ಮನ ಕೈಗಿಟ್ಟೆ. ಅವರ ಕೈ ವಾಸಿಯಾಗಿತ್ತು. "ಮಗ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣೋ" ಎಂದರು. ದಿನಚರಿಯಲ್ಲಿ "ಕರ್ತವ್ಯ ಮುಗಿಯಿತು" ಎಂದು ಬರೆದೆ. ಈ ಸಲವೂ ಅಡಿಗೆರೆ ಎಳೆದೆ. ನನಗೆ ಬುದ್ಧಿ ಬರುವುದು ನಿಧಾನ.

ಜುಲೈ ಹತ್ತರಂದು ದೊಡ್ಡಮ್ಮ ಬ್ಯಾಗು ಹಿಡಿದು ಬಂದರು. "ಬೈರಕೂರಿಗೆ ಹೋಗಿ ಮಗಳನ್ನ ನೋಡ್ಕೊಂಡು ಬರ್ತೀನಿ. ಎರಡೇ ದಿನ. ಕೆಂಚಿ ಈಗ ನಿನ್ನ ಮಾತೂ ಕೇಳ್ತಾಳಲ್ಲಾ." ಹಸು ಕಟ್ಟಿದ ಮೇಲೆ ಅವರು ಮಗಳ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಹೋಗಿ ಬಾ ಎಂದೆ.

ಎರಡು ದಿನ ಕಳೆಯಿತು, ಬರಲಿಲ್ಲ. ಹದಿಮೂರು ಬಂತು, ನಾಲ್ಕನೇ ಸೂಜಿಯ ದಿನ. ಬೆಳಗ್ಗೆ ಒಂಬತ್ತರಿಂದ ಒಂದು ಗಂಟೆಯೊಳಗೆ ಹದಿನಾಲ್ಕು ಸಲ ಫೋನು ಮಾಡಿದೆ, ಎತ್ತಲಿಲ್ಲ. ಬಾಷಾ ಭಾಯ್ ಬೈರಕೂರಿಗೇ ಆಟೋ ಬಿಡಲು ತಯಾರಾದರು. "ಎಷ್ಟು ದೂರ ಆದ್ರೂ ಆಗ್ಲಿ, ಅಕ್ಕನ್ನ ಕೂರಿಸ್ಕೊಂಡು ಸೀದಾ ಆಸ್ಪತ್ರೆಗೆ" ಎಂದರು. ಮೂರು ಸೂಜಿ ಹಾಕಿಸಿ ನಾಲ್ಕನೆಯದು ತಪ್ಪಿದರೆ? ನಾನು ಚಪ್ಪಲಿ ಹಾಕುವಷ್ಟರಲ್ಲಿ ಫೋನು ಬಂತು.

"ಇಲ್ಲೇ ಮುಳಬಾಗಿಲು ಆಸ್ಪತ್ರೇಲಿ ಬೆಳಗ್ಗೇನೇ ಹಾಕಿಸ್ಕೊಂಡೆ ಕಣೋ. ಕಾರ್ಡು ತೋರಿಸ್ದೆ, ಹಾಕಿದ್ರು, ಅಷ್ಟೇ. ಫೋನು ಮೊಮ್ಮಗಳ ಕೈಲಿತ್ತು."

ನಾನು ಚಪ್ಪಲಿ ಬಿಚ್ಚಿದೆ. ನಾಲ್ಕಕ್ಕೆ ನಾಲ್ಕು! ಬಾಷಾ ಭಾಯ್ ಆಕಾಶಕ್ಕೆ ಕೈ ಎತ್ತಿದರು.

"ಸರಿ ದೊಡ್ಡಮ್ಮ, ಯಾವಾಗ ಬರ್ತೀಯ?"

"ಬರ್ತೀನಿ ಬಿಡು. ಮಗಳು ಇನ್ನೊಂದು ಎಂಟು ದಿನ ಇರು ಅಂತಾಳೆ. ಕುರುಡುಮಲೆಗೂ ಹೋಗಿ ಗಣಪತಿಗೆ ಕೈ ಮುಗಿದು ಬರ್ಬೇಕು. ಕೆಂಚಿ ಹೆಂಗಿದ್ದಾಳೆ?"

ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ.

ಆ ಎಂಟು ದಿನ ಮುಗಿದು ಇವತ್ತಿಗೆ ಐದನೇ ದಿನ. ಸಮಾಜದ ಕರ್ತವ್ಯ ಎಲ್ಲಿ ಶುರುವಾಗುತ್ತದೆ ಎಂದು ಕಲಿತಿದ್ದೇನೆ. ಎಲ್ಲಿ ಮುಗಿಯುತ್ತದೆ ಎಂದು ನರ್ಸಮ್ಮನಾಗಲಿ, ಕಾರ್ಯದರ್ಶಿಯಾಗಲಿ, ಅಮ್ಮನಾಗಲಿ ಹೇಳಲಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಹಸುವಿಗೆ ಪ್ಯಾಂಟು ಅಭ್ಯಾಸ ಮಾಡಿಸುವ ಉಪಾಯ ಗೊತ್ತಿದ್ದವರು ಅದನ್ನೂ ಬರೆಯಿರಿ, ಅದನ್ನೇ ಮೊದಲು ಬರೆಯಿರಿ. ಖುದ್ದಾಗಿ ಬಂದು ಹೇಳುವವರು ಮಾತ್ರ ಬೆಳಗ್ಗೆ ಐದೂವರೆಯಿಂದ ಏಳರವರೆಗೆ, ಸಂಜೆ ಐದರಿಂದ ಆರೂವರೆಯವರೆಗೆ ಬರಬೇಡಿ. ಆ ಹೊತ್ತಿನಲ್ಲಿ ನಾನು ಸೀರೆಯಲ್ಲಿರುತ್ತೇನೆ.