ಟರ್ಬೊ ಗಾಡಿಯಲ್ಲಿ ಮದುಮಗ

ನಾನು ಆಳಂದದಲ್ಲಿ ಔಷಧಿ ಅಂಗಡಿ ಇಟ್ಟವನು. ಮನುಷ್ಯರ ಕೆಮ್ಮು ನಿಲ್ಲಿಸುವವನಿಗೆ ಎಂಜಿನ್ನಿನ ಕೆಮ್ಮು ಯಾವ ಲೆಕ್ಕ ಎಂಬ ಧೈರ್ಯದಿಂದ ಪುಣೆಯಿಂದ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ತಂದೆ. ಅದರಲ್ಲಿ ಟರ್ಬೊ ಇತ್ತು. ಅಂದರೆ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಚಕ್ರ. ಆ ಗಾಳಿಯೂ ಸಾಲದೆಂದು ನಾನೇ ಒತ್ತಡ ಏರಿಸಿದೆ. ಚೆಂದ ಕಾಣಲೆಂದು ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ತಗ್ಗಿಸಿದೆ. ಅದರಡಿ ನುಸುಳಲು ಬೆಕ್ಕೂ ಯೋಚಿಸುತ್ತಿತ್ತು.

ನಾದಿನಿಯ ಮದುವೆ ಜೇವರ್ಗಿಯಲ್ಲಿ. ಮದುಮಗ ವೀರೇಶ ಅಫಜಲಪುರದವನು. ಅವನನ್ನು ಕರೆತರುವ ಹೊಣೆಯನ್ನು ಯಾರೂ ಕೇಳದೆಯೇ ಹೊತ್ತುಕೊಂಡೆ.

"ಬ್ಯಾರೆ ಗಾಡಿ ಮಾಡ್ರಿ," ಎಂದಳು ಹೆಂಡತಿ ಸುಮಂಗಲಾ.

"ನಾನೇ ಬಿಚ್ಚಿ ಜೋಡ್ಸೇನಿ. ಇದರ ನರ ನರ ನಂಗ ಗೊತ್ತು."

"ಅದಕ್ಕ ಹೇಳಾಕತ್ತೇನಿ."

ಮದುವೆಯ ದಿನ ಅಫಜಲಪುರದಲ್ಲಿ ಮುಂದಿನ ಸೀಟಿಗೆ ವೀರೇಶ ಕೂತ. ಹಿಂದಿನ ಸೀಟೆಂಬ ಗೂಡಿನಲ್ಲಿ ಅವನ ಸೋದರತ್ತೆಯನ್ನು ಮಡಚಿ ಇಟ್ಟೆವು. ಊರು ದಾಟುವ ಮೊದಲೇ ರಸ್ತೆಯ ಉಬ್ಬೊಂದು ಗಾಡಿಯ ಹೊಟ್ಟೆ ಕೆರೆಯಿತು. ಇಬ್ಬರನ್ನೂ ಇಳಿಸಿ, ಖಾಲಿ ಗಾಡಿ ದಾಟಿಸಿ, ಮತ್ತೆ ಹತ್ತಿಸಿದೆ. ಆಮೇಲೆ ಪ್ರತಿ ಊರಲ್ಲೂ ಅದೇ ವಿಧಿ. ಬಾಸಿಂಗ ಕಟ್ಟಿಕೊಂಡ ವರ ಉಬ್ಬು ದಾಟಿ ನಡೆಯುವುದನ್ನು ಜನ ಹೋಟೆಲಿನಿಂದ ಎದ್ದು ಬಂದು ನೋಡಿದರು.

"ತಮ್ಮಾ, ಇದು ದಿಬ್ಬಣೋ, ಪಾದಯಾತ್ರಿಯೋ?" ಎಂದಳು ಅತ್ತೆ.

ಮುಹೂರ್ತ ಹತ್ತಿರವಾಗುತ್ತಿತ್ತು. ಚೌಡಾಪುರ ದಾಟಿದ ಮೇಲೆ ನೇರ ರಸ್ತೆ ಸಿಕ್ಕಿತು. ಕಾಲು ಒತ್ತಿದೆ. ಗಾಡಿ ಹಾರಿತು. ನಾನು ವೀರೇಶನ ಮುಖ ನೋಡಿ ನಕ್ಕೆ. ಢಬ್!

ಗಾಳಿಯ ರಬ್ಬರ್ ಪೈಪು ಕಳಚಿತ್ತು. ಕರಿ ಹೊಗೆ, ಸೊನ್ನೆ ಶಕ್ತಿ. ಪೈಪು ಸಿಕ್ಕಿಸಿದೆ, ಮತ್ತೆ ಢಬ್. ಅದನ್ನು ಬಿಗಿಯುವ ತಗಡಿನ ಪಟ್ಟಿಯೂ ಮುರಿಯಿತು.

"ವೀರೇಶಪ್ಪಾ, ಆ ಶಲ್ಯ ಕೊಡ್ತೀರೇನ್ರಿ?"

ಅವನು ಹೆಗಲಿಂದ ತೆಗೆದು ಕೊಟ್ಟ. ಸಜ್ಜನ. ರೇಷ್ಮೆ ಶಲ್ಯದಿಂದ ಪೈಪು ಕಟ್ಟಿದೆ. ಕಾದ ಟರ್ಬೊ ಪಕ್ಕದಲ್ಲೇ ಇದೆ ಎಂಬುದು ಸುಟ್ಟ ವಾಸನೆ ಬಂದ ಮೇಲೆ ಹೊಳೆಯಿತು.

ಅಷ್ಟರಲ್ಲಿ ಹಿಂದಿನಿಂದ ದಿಬ್ಬಣದ ಹೆಂಗಸರ ಟೆಂಪೋ ಬಂತು. ಅತ್ತೆ ಕೈ ಅಡ್ಡ ಹಿಡಿದಳು. "ಹತ್ತೋ ವೀರೇಶಾ, ಇಲ್ಲಾಂದ್ರ ನೀ ಬರೂದ್ರಾಗ ಹುಡುಗಿ ಮುದುಕಿ ಆಗ್ತಾಳ." ಟೆಂಪೋ ಹೋಯಿತು. ಯಾರೂ ಕೈ ಬೀಸಲಿಲ್ಲ.

ನನ್ನ ಕೈಹಿಡಿದವರು ವೀರೇಶನ ದೊಡ್ಡಪ್ಪ. ಮದುವೆಗೇ ಹೊರಟಿದ್ದ ತಮ್ಮ ಹೊಸ ಟ್ರ್ಯಾಕ್ಟರಿನ ಟ್ರಾಲಿಯ ಹಿಂದೆ ನನ್ನ ಗಾಡಿಗೆ ಹಗ್ಗ ಬಿಗಿದರು. ಟ್ರಾಲಿಯಲ್ಲಿ ಕೂತ ಬೀಗರೆಲ್ಲ ಜೇವರ್ಗಿಯವರೆಗೂ ನನ್ನ ಮುಖವನ್ನೇ ನೋಡುತ್ತ ಶೇಂಗಾ ತಿಂದರು. ನಾನು ಸ್ಟಿಯರಿಂಗ್ ಹಿಡಿದು, ಚಾಲಕನಂತೆ ಕಾಣಲು ಯತ್ನಿಸಿದೆ. ಆಮೇಲೆ ಅದೂ ಸಾಕಾಯಿತು.

ತಲುಪಿದಾಗ ಅಕ್ಕಿಕಾಳು ಬಿದ್ದು ಮದುವೆ ಆಗಿ, ಊಟವೂ ಮುಗಿಯುತ್ತ ಬಂದಿತ್ತು. ಸುಮಂಗಲಾ ಬಯ್ಯಲಿಲ್ಲ. "ಕೈ ತೊಳಕೊರ್ರಿ," ಎಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಮದುಮಕ್ಕಳು ಹೊರಬಂದರು. ಫೋಟೋದವನು ಕೂಗಿದ: "ಸಾಹೇಬ್ರ, ಗಾಡಿ ಹೊರಗ ತಗೀರಿ. ಫೋಟೋದಾಗ ಅಡ್ಡ ಬರಾಕತ್ತದ."

ನನ್ನ ಮುಖ ಅರಳಿತು. "ಯಾವುದನ್ನ? ಟ್ರ್ಯಾಕ್ಟರನ್ನಾ?"

"ಅಲ್ರಿ. ಟ್ರ್ಯಾಕ್ಟರ್ ಮುಂದನ ಜೋಡಿ ನಿಲ್ಲೂದು. ನಿಮ್ಮದು ತಗೀರಿ."

ಹಗ್ಗ ಬಿಚ್ಚಿ, ಪಂಚೆ ಎತ್ತಿಕಟ್ಟಿ, ತಳ್ಳಿದೆ.