ಮೂರು ಕೋವಿಗೆ ಒಂದೇ ಪುಡಿ

ವರ್ಲಿನ್ ಹಾಗ್‌ಸ್ಟಾಡನ ಉಣ್ಣೆಯ ಒಳಚಡ್ಡಿಗಳು ಅಂದು ಬೆಳಿಗ್ಗೆ ಒಗೆಯುವ ಯಂತ್ರದಿಂದ ಹೊರಬಂದಾಗ ಪೆನ್ಸಿಲ್ ಸೀಸದ ಬಣ್ಣಕ್ಕೆ ತಿರುಗಿದ್ದವು. ಹೆಂಡತಿ ಆರ್ಡಿತ್ ಕನ್ನಡಕವಿಲ್ಲದೆ ಕಪಾಟಿಗೆ ಕೈಹಾಕಿ, ಸೋಪಿನ ಪುಡಿಯೆಂದು ಕೋವಿಯ ಮದ್ದಿನ ಪುಡಿಯನ್ನು ಸುರಿದಿದ್ದಳು. ತಪ್ಪು ಯಾರದೆಂಬ ಪ್ರಶ್ನೆಯೇ ಏಳಲಿಲ್ಲ. ಮದುವೆಯಾಗಿ ಬಹಳ ವರ್ಷವಾದ ಮನೆಗಳಲ್ಲಿ ಅದು ಏಳುವುದಿಲ್ಲ, ಗಂಡನ ಕಡೆಗೆ ತಾನಾಗಿ ನಡೆದು ಹೋಗುತ್ತದೆ.

"ನೋಡು ವರ್ಲಿನ್, ಸಂಜೆ ಊಟದ ಹೊತ್ತಿಗೆ ಈ ಕಪಾಟಲ್ಲಿ ನಿಂದು ಒಂದೇ ಒಂದು ಡಬ್ಬಿ ಇರ್ಬೇಕು. ಎರಡು ಕಂಡ್ರೆ ನಿನ್ನ ಬೆಂಚು, ನಿನ್ನ ತೋಟಾ ತುಂಬೋ ಯಂತ್ರ, ನೀನು, ಮೂರೂ ಹಿತ್ತಲ ಷೆಡ್ಡಿಗೆ!"

ವರ್ಲಿನ್‌ನ ಕಣ್ಣು ಹಿತ್ತಲ ಷೆಡ್ಡಿನತ್ತ ಹೋಯಿತು. ಮೊಂಟಾನಾದ ಅಕ್ಟೋಬರಿನಲ್ಲಿ ಆ ಷೆಡ್ಡಿನೊಳಗೆ ಕಾಫಿ ಬಟ್ಟಲಿನಲ್ಲೇ ಗಡ್ಡೆಕಟ್ಟುತ್ತದೆ. ಬಟ್ಟೆ ಒಗೆಯುವ ಕೋಣೆಯೋ, ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗೆ. ಅದರ ಮೂಲೆಯ ಬೆಂಚಿನ ಮುಂದೆ ಕೂತು ಖಾಲಿ ತೋಟಾಗಳಿಗೆ ಪುಡಿ, ಗುಂಡು ತುಂಬುವುದೇ ಅವನ ಚಳಿಗಾಲ. ಡ್ರೈ ಫೋರ್ಕ್ ಊರಿನಲ್ಲಿ ಎಲ್ಲರೂ ತಮ್ಮ ತೋಟಾ ತಾವೇ ತುಂಬುತ್ತಾರೆ. ಅಂಗಡಿಯ ತೋಟಾ ಕೊಳ್ಳುವವನನ್ನು, ಚರ್ಚಿನ ಊಟಕ್ಕೆ ಅಂಗಡಿಯಲ್ಲಿ ಕೊಂಡ ಪೈ ತಿಂಡಿ ತಂದಿಟ್ಟವಳನ್ನು ನೋಡುವ ಹಾಗೆಯೇ ನೋಡುತ್ತಾರೆ.

ತೊಂದರೆಯೆಂದರೆ ಅವನ ಕೋವಿಗಳು ಮೂರು, ಮೂರಕ್ಕೂ ನಾಲಿಗೆಯ ರುಚಿ ಬೇರೆ ಬೇರೆ. ಕಯೋಟಿ ನರಿಗಳನ್ನು ಓಡಿಸುವ ಚಿಕ್ಕದಕ್ಕೆ ಬೇಗ ಉರಿಯುವ ಪುಡಿ ಬೇಕು. ಕಡವೆಯಂಥ ಎಲ್ಕ್ ಬೇಟೆಯ ದೊಡ್ಡದಕ್ಕೆ ನಿಧಾನವಾಗಿ ಉರಿಯುವುದೇ ಆಗಬೇಕು. ಆರ್ಡಿತ್ ಜಿಂಕೆಗೆ ಒಯ್ಯುವ ನಡುವಿನದು ಅವಳಂತೆಯೇ, ಇವತ್ತು ಒಪ್ಪಿದ್ದನ್ನು ನಾಳೆ ಒಪ್ಪದು. ಹೀಗೆ ಕೂಡುತ್ತಾ ಹೋದ ಡಬ್ಬಿಗಳು ಕಪಾಟಿನಲ್ಲಿ ನೆಂಟರಂತೆ ಬೀಡುಬಿಟ್ಟಿದ್ದವು.

ಮನಸ್ಸು ಕಲ್ಲುಮಾಡಿಕೊಂಡು ವರ್ಲಿನ್ ಅವನ್ನೆಲ್ಲ ಹೊತ್ತೊಯ್ದು, ಆ ಊರಿನ ವಾಡಿಕೆಯಂತೆ, ಆಲೂಗೆಡ್ಡೆಯ ಮಡಿಗಳ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸತೊಡಗಿದ. ಬೇಲಿಯಾಚೆಯಿಂದ ಕ್ಲೈಡ್ ಬೀಲ್ ಇಣುಕಿದ. ಜೀವನವಿಡೀ ಶಾಲೆಯ ಬಸ್ಸು ಓಡಿಸಿದವನು, ಈಗಲೂ ಕೊನೆಯ ಸೀಟಿಗೆ ಕೇಳುವಂತೆಯೇ ಮಾತಾಡುತ್ತಿದ್ದ.

"ಏನೋ ವರ್ಲಿನ್! ಆಲೂಗೆಡ್ಡೆ ಬೆಳೀತೀಯೋ, ಹಾರಿಸ್ತೀಯೋ?"

"ಗೊಬ್ಬರ ಕಣೋ. ಇನ್ಮೇಲೆ ನಂಗೆ ಒಂದೇ ಪುಡಿ. ಮೂರು ಕೋವಿಗೂ ಒಂದೇ."

"ಒಂದೇನಾ!" ಕ್ಲೈಡನಿಗೆ ಯಾರೋ ಸತ್ತ ಸುದ್ದಿ ಕೇಳಿದಂತಾಯಿತು. "ತಡಿ, ನಾನೂ ಬರ್ತೀನಿ. ಅಂಗಡಿಗೆ ನೀನೊಬ್ನೇ ಹೋದ್ರೆ ಹಾಳಾಗ್ತೀಯ!"

ಪುಡಿ ಮಾರುವ ಡೆಲ್ಮರನ ಅಂಗಡಿಯ ಗಲ್ಲಾದ ಮುಂದೆ ಕಾಫಿ ಕುಡಿಯುತ್ತಿದ್ದವರು ಇಬ್ಬರು: ಅಂಚೆ ಕಚೇರಿಯ ವಿಲ್ಮಾ ಟ್ವೆಟ್ ಮತ್ತು ಪಾದ್ರಿ ಲಿಂಡ್‌ಗ್ರೆನ್. ಕ್ಲೈಡ್ ಬಾಗಿಲಲ್ಲೇ ನಿಂತು ಡಂಗುರ ಹೊಡೆದ. "ಕೇಳಿದ್ರಾ? ಇವನಿಗೆ ಒಂದೇ ಪುಡಿ ಸಾಕಂತೆ!"

"ತಪ್ಪು," ಎಂದಳು ವಿಲ್ಮಾ. ಅವಳ ಮಾತೆಲ್ಲ ಲಕೋಟೆಗೆ ಠಸ್ಸೆ ಹೊಡೆದ ಹಾಗೆ. "ಕೆಂಪು ಡಬ್ಬಿ. ತಗೋ. ಹೋಗು."

"ಕೆಂಪಾ! ಲೋ, ಕೆಂಪು ಹಾಕಿದ್ರೆ ನಿನ್ನ ಎಲ್ಕು ನಿಂತು ನಗುತ್ತೆ ಕಣೋ! ಹಳದಿ ತಗೋ, ಹಳದಿ!" ಎಂದು ಕ್ಲೈಡ್ ಕೂಗಿದ.

ಪಾದ್ರಿಗಳು ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಅವರು ಹವಾಮಾನದ ಬಗ್ಗೆ ಹೇಳಿದರೂ ಭಾನುವಾರದ ರಾಗ ಬಂದುಬಿಡುತ್ತಿತ್ತು. "ಪ್ರಿಯಾ ಸಹೋದರಾ ವರ್ಲಿನ್ನಾ... ಅವಸರದಿಂದ ಉರಿಯುವುದು ಅವಸರದಿಂದಲೇ ಆರುವುದೂ... ಆದಕಾರಣ ನೀಲೀ ಡಬ್ಬಿಯನ್ನೂ..."

"ಪಾದ್ರಿಗಳೇ, ಹೋದ ವರ್ಷ ನಿಮ್ಮ ನೀಲಿ ಡಬ್ಬಿ ಜಿಂಕೆ ಬಿಟ್ಟು ವಿಲ್ಮಾ ಮನೆ ಟ್ರಾಕ್ಟರ್‌ಗೆ ಹೊಡೀತಲ್ಲ!" ಎಂದ ಕ್ಲೈಡ್.

"ಅದು ಗಾಳೀ," ಎಂದರು ಪಾದ್ರಿಗಳು, ರಾಗ ಬಿಡದೆ.

ಗಲಾಟೆಯ ನಡುವೆ ಡೆಲ್ಮರ್ ಹಲ್ಲುಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ದಾಟಿಸಿ, ಹಿಂದಿನ ಸಾಲಿನತ್ತ ಬೆರಳು ಮಾಡಿದ. ಅಲ್ಲಿ ಹಸಿರು ಡಬ್ಬಿಗಳು ಹೊಸ ಸೈನಿಕರಂತೆ ನಿಂತಿದ್ದವು. ಯಾರೂ ಮುಟ್ಟಿದಂತಿರಲಿಲ್ಲ.

ವರ್ಲಿನ್ ಒಂದನ್ನು ಎತ್ತಿಕೊಂಡು ಚೀಟಿ ಓದಿದ. ಮುಖ ಅರಳಿತು. ಅದುವರೆಗೆ ಯಾವ ಸಭೆಯಲ್ಲೂ ಬಾಯಿಬಿಡದವನು ಅಂದು ಮಾತಾಡಿದ. ಇದು ಬೇಗವೂ ಅಲ್ಲ, ನಿಧಾನವೂ ಅಲ್ಲ. ಯಾವ ಕೋವಿಗೂ ಇದಕ್ಕಿಂತ ಒಳ್ಳೆಯದು ಬೇರೆ ಇದ್ದೀತು, ಆದರೆ ಮೂರಕ್ಕೂ ಒಗ್ಗುವುದು ಇದೊಂದೇ. ಬೆಂಚಿನ ಮೇಲೆ ಒಂದೇ ಡಬ್ಬಿಯಿದ್ದರೆ ತಪ್ಪು ಪುಡಿ ಹಾಕುವ ಭಯವಿಲ್ಲ, ಹೆಂಡತಿಯ ಭಯವೂ ಇಲ್ಲ. ಎಲ್ಲಕ್ಕೂ ಒಂದೇ ಮದ್ದು!

"ಹುಚ್ಚು!" ಎಂದ ಕ್ಲೈಡ್.

"ವಾಪಸ್," ಎಂದಳು ವಿಲ್ಮಾ.

"ನಿನಗಾಗಿ ಪ್ರಾರ್ಥಿಸುವೆನೂ," ಎಂದರು ಪಾದ್ರಿಗಳು.

"ಏನಾದ್ರೂ ಅನ್ನಿ," ಎಂದ ವರ್ಲಿನ್. "ಮನೇಗೆ ಹೋಗಿ ಪುಸ್ತಕ ನೋಡಿ ಬಂದು ತಗೊಳ್ತೀನಿ."

ಅಲ್ಲಿ ಯಾರೂ ನಗಲಿಲ್ಲ. ಎಷ್ಟು ತೂಕದ ಗುಂಡಿಗೆ ಎಷ್ಟು ಪುಡಿಯೆಂದು ಅಚ್ಚಾದ ಪುಸ್ತಕದಲ್ಲಿ ಕಣ್ಣಾರೆ ನೋಡದೆ ಡಬ್ಬಿ ಕೊಳ್ಳುವವನು ಆ ಊರಿನಲ್ಲಿ ಹುಬ್ಬು ಸುಟ್ಟುಕೊಳ್ಳದೆ ಬದುಕಿದ್ದಿಲ್ಲ. ವರ್ಲಿನ್ ಒಂದು ಪುಸ್ತಕ ನೋಡಿದ. ಅದನ್ನು ನಂಬದೆ ಇನ್ನೊಂದು ನೋಡಿದ. ಮೂರು ಕೋವಿಗೂ ಹಸಿರು ಸಲ್ಲುತ್ತಿತ್ತು. ಶಿಳ್ಳೆ ಹಾಕುತ್ತಾ ಅಂಗಡಿಗೆ ಮರಳಿದ.

ಹಿಂದಿನ ಸಾಲು ಬೋಳಾಗಿತ್ತು.

"ಡೆಲ್ಮರ್, ಹಸಿರು ಡಬ್ಬಿ ಎಲ್ಲೋ?"

"ಹೋಯ್ತು."

"ಎಲ್ಲಾನೂ? ಯಾರು ತಗೊಂಡ್ರು?"

"ಮೊದ್ಲು ಕ್ಲೈಡ್ ಬಂದ, ವಿಲ್ಮಾ ನೋಡ್ಬಾರ್ದು ಅಂತ ಹಿಂದಿನ ಬಾಗಿಲಿಂದ. ಆಮೇಲೆ ವಿಲ್ಮಾ ಬಂದ್ಲು, ಕ್ಲೈಡ್‌ಗೆ ಹೇಳ್ಬೇಡ ಅಂದ್ಲು. ಪಾದ್ರಿಗಳು ಕೋಟಿನೊಳಗೆ ಇಟ್ಕೊಂಡು ಹೋದ್ರು. ಉಳಿದದ್ದು ಊರೋರು. ಚೆನ್ನಾಗಿ ಮಾತಾಡಿದೆ ಕಣಯ್ಯ ನೀನು, ನಾನೇ ಒಂದು ಎತ್ತಿಟ್ಕೊಂಡೆ."

"ಮತ್ತೆ ಯಾವಾಗ ಬರುತ್ತೆ?"

ಹಲ್ಲುಕಡ್ಡಿ ಆಚೆಯ ಮೂಲೆಗೆ ದಾಟಿತು. "ಹಿಮ ಕರಗಿದ ಮೇಲೆ. ಬಂದ್ರೆ."

ವರ್ಲಿನ್ ಬರಿಗೈಯಲ್ಲಿ ಮನೆಗೆ ಬಂದ. ಖಾಲಿ ಕಪಾಟು ಕಂಡು ಆರ್ಡಿತ್‌ಳ ಮುಖ ಹಿಗ್ಗಿತು. "ಒಂದೂ ಇಲ್ವಾ! ನಾನು ಕೇಳಿದ್ದಕ್ಕಿಂತ ಜಾಸ್ತಿನೇ ಮಾಡಿದ್ಯಲ್ಲೋ ರಾಜ. ಸರಿ, ನಿನ್ನ ಬೆಂಚು ಇಲ್ಲೇ ಇರ್ಲಿ." ಅವನ ಬೊಕ್ಕತಲೆಗೊಂದು ಮುತ್ತು ಕೊಟ್ಟು ಗಾಯಕವೃಂದದ ಅಭ್ಯಾಸಕ್ಕೆ ಹೊರಟಳು. ಪುಡಿಯಿಲ್ಲದಿದ್ದರೇನು, ಮೂಲೆ ಉಳಿಯಿತಲ್ಲ ಎಂದು ವರ್ಲಿನ್ ಬೆಚ್ಚಗೆ ಕೂತ.

ಬಾಗಿಲು ಬಡಿಯಿತು. ಕ್ಲೈಡ್, ಎದೆಗೆ ಒಂದು ಪೆಟ್ಟಿಗೆ ಅವಚಿಕೊಂಡು ನಿಂತಿದ್ದ.

"ವರ್ಲಿನ್! ನಿಂಗೆ ಹಸಿರು ಸಿಗಲಿಲ್ವಂತೆ, ಕರುಳು ಚುರ್ರ್ ಅಂತು! ತಗೋ, ನನ್ನ ಹಳದಿ ಡಬ್ಬಿಗಳೆಲ್ಲ. ನಂಗಿನ್ನು ಯಾಕೆ? ಒಂದೇ ಸಾಕು!"

ಬೇಡವೆನ್ನಲಾರದೆ ವರ್ಲಿನ್ ಪೆಟ್ಟಿಗೆಯನ್ನು ಇಸಿದುಕೊಂಡ. ಹೊಸ್ತಿಲಿಗೆ ತಂದುಕೊಟ್ಟದ್ದನ್ನು ಬೇಡವೆಂದವನ ಗಾಡಿಯನ್ನು ಡ್ರೈ ಫೋರ್ಕಿನಲ್ಲಿ ಹಿಮದಿಂದ ಯಾರೂ ಎಳೆದು ಕೊಡುವುದಿಲ್ಲ. ಅಷ್ಟರಲ್ಲಿ ವಿಲ್ಮಾ ಕೆಂಪು ಡಬ್ಬಿಗಳ ಚೀಲವನ್ನು ಒಳಗೆ ನೂಕಿದಳು. "ನಿಂದು. ಇಟ್ಕೋ." ಹಿಂದೆಯೇ ಪಾದ್ರಿಗಳು, ನೀಲಿಯ ಸಮೇತ, ಆಶೀರ್ವಾದದ ಸಮೇತ. ಅವರ ಹಿಂದೆ ಊರು. ಬೇರೆಯವರು ಬಿಚ್ಚಿದ ಡಬ್ಬಿಯ ಪುಡಿಯನ್ನು ಕೋವಿಗೆ ಹಾಕಬಾರದೆಂಬ ನಿಯಮ ಅವರಿಗೆಲ್ಲ ಬಾಯಿಪಾಠ. ಆ ಬೇರೆಯವರು ತಾವಲ್ಲವೆಂದೇ ಒಬ್ಬೊಬ್ಬರ ನಂಬಿಕೆ.

ಆರ್ಡಿತ್ ಹಾಡು ಮುಗಿಸಿ ಬಂದಾಗ ಕಪಾಟು ತುಂಬಿ, ಒಗೆಯುವ ಯಂತ್ರದ ತಲೆ ತುಂಬಿ, ಅವಳ ಇಸ್ತ್ರಿ ಹಲಗೆಯ ಮೇಲೂ ಡಬ್ಬಿಗಳು ನಿಂತಿದ್ದವು. ಹಿತ್ತಲ ಬಾಗಿಲು ತೆರೆದು ಹಿಡಿದಳು, ಅಷ್ಟೆ. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಊರಿನವರು ಒಳ್ಳೆಯವರು. ಹೇಳಿಸಿಕೊಳ್ಳದೆ ಆಳಿಗೊಂದು ಕಾಲು ಹಿಡಿದು ಬೆಂಚನ್ನು ಷೆಡ್ಡಿಗೆ ಹೊತ್ತು ಸಾಗಿದರು. ಹಿಂದೆ ಡಬ್ಬಿ ತಬ್ಬಿಕೊಂಡು ಬರುತ್ತಿದ್ದ ವರ್ಲಿನ್‌ನ ಕಡೆಗೆ ತಿರುಗಿ, ಕ್ಲೈಡ್ ಕೊನೆಯ ಸೀಟಿಗೆ ಕೇಳುವಂತೆ ಬುದ್ಧಿ ಹೇಳಿದ:

"ಒಬ್ಬ ಮನುಷ್ಯನಿಗೆ ಇಷ್ಟೊಂದು ಡಬ್ಬಿ ಯಾಕೋ ಬೇಕು, ವರ್ಲಿನ್? ನನ್ನ ಮಾತು ಕೇಳು, ಹಸಿರು ಒಂದೇ ಒಂದು ತಗೊಂಡ್ಬಿಡು. ಮೂರು ಕೋವಿಗೂ ಆಗುತ್ತೆ!"