ಮಾವನ ಅಪ್ಪಟ ಕಾಫಿ

ಆಫೀಸಿನಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ನಾನು ಕಾಫಿ ಕುಡಿಯುವುದಿಲ್ಲ. ಇದರಲ್ಲೇನು ವಿಶೇಷ, ಎಷ್ಟೋ ಜನ ಕುಡಿಯುವುದಿಲ್ಲ ಎಂದು ನೀವು ಅನ್ನಬಹುದು. ಆದರೆ ಆ ಎಷ್ಟೋ ಜನರಿಗೆ ಅನ್ನ ಹಾಕುವುದು ಕಾಫಿಯಲ್ಲ, ನನಗೆ ಹಾಕುವುದು ಕಾಫಿಯೇ. ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಲ್ಲಿರುವ ಒಂದು ಕಾಫಿ ಆಮದು ಕಂಪನಿಯಲ್ಲಿ ನನ್ನ ಕೆಲಸ. ಯೂರೋಪಿನ ಯಾವ ದೇಶದವರು ಎಂಥ ಕಾಫಿ ಕುಡಿಯುತ್ತಿದ್ದಾರೆ, ಮುಂದೆ ಯಾವುದಕ್ಕೆ ಮನಸ್ಸು ಬದಲಾಯಿಸಲಿದ್ದಾರೆ ಎಂದು ವರದಿ ಬರೆಯುತ್ತೇನೆ. ಧಾರವಾಡದಲ್ಲಿ ಹುಟ್ಟಿ, ಹಾಲು ಬಿಟ್ಟ ಮೇಲೆ ನೇರವಾಗಿ ಚಹಾಕ್ಕೆ ಬಂದ ಮನುಷ್ಯ ನಾನು. ನಮ್ಮ ಮನೆಯಲ್ಲಿ ಕಾಫಿ ಎಂದರೆ ಮೈಸೂರು ಕಡೆಯ ಬೀಗರು ಬಂದಾಗ ಗಾಬರಿಯಿಂದ ಮಾಡುವ ಒಂದು ಪದಾರ್ಥ. ಇಂಥವನ ಮಾತು ಕೇಳಿ ಯೂರೋಪಿನ ದೊಡ್ಡ ದೊಡ್ಡ ವ್ಯಾಪಾರಿಗಳು ಮೂಟೆ ಮೂಟೆ ಬೀಜ ತರಿಸುತ್ತಾರೆ ಎಂದರೆ ಈ ವ್ಯಾಪಾರ ಹೇಗೆ ನಡೆದಿದೆಯೋ ನೀವೇ ಯೋಚಿಸಿ.

ಹಾಗಂತ ನನ್ನ ವರದಿಗಳು ಸುಳ್ಳಲ್ಲ. ಹೊರಗೆ ನಿಂತು ನೋಡುವವನಿಗೆ ಕೆಲವು ಸಂಗತಿಗಳು ಚೆನ್ನಾಗಿ ಕಾಣುತ್ತವೆ. ಉತ್ತರದ ಚಳಿ ದೇಶದವರು ಬೀಜವನ್ನು ಬಿಸಿ ತೋರಿಸಿದಷ್ಟೇ ಹುರಿದು, ತಿಳಿಸಾರಿನಂಥ ಕಾಫಿಯನ್ನು ದಿನವಿಡೀ ಕುಡಿಯುತ್ತಾರೆ. ಇಟಲಿಯವರು ನಿಂತಲ್ಲೇ ಒಂದು ಗುಟುಕು ಕುಡಿದು ಹೊರಟುಬಿಡುತ್ತಾರೆ. ಆ ಗುಟುಕಿನ ಮೇಲೆ ನಿಲ್ಲುವ ನೊರೆಗೆ ನಮ್ಮ ಕೊಡಗಿನ ರೋಬಸ್ಟಾ ಬೀಜ ಬೇಕೇ ಬೇಕು. ಜರ್ಮನರ ನೆಲದಲ್ಲಿ ಕಾಫಿ ಗಿಡವಿಲ್ಲ. ಆದರೂ ಲೋಕದ ಬೀಜವನ್ನೆಲ್ಲ ಬಂದರಿನಲ್ಲಿ ಇಳಿಸಿಕೊಂಡು, ಹುರಿದು, ಅಕ್ಕಪಕ್ಕದವರಿಗೆ ಮಾರುತ್ತಾರೆ. ಇನ್ನು ನಮ್ಮ ಲಂಡನ್ನಿನವರು ಬೀದಿಯಲ್ಲಿ ಐಸ್ ತುಂಬಿದ ಓಟ್ಸ್ ಹಾಲಿನ ಕಾಫಿ ಹಿಡಿದು ಓಡಾಡಿ, ಮನೆಗೆ ಹೋದ ಮೇಲೆ ಯಾರಿಗೂ ಕಾಣದಂತೆ ಇನ್‌ಸ್ಟಂಟ್ ಪುಡಿ ಕಲಸಿಕೊಳ್ಳುತ್ತಾರೆ. ಈಚೆಗೆ ಎಲ್ಲರಿಗೂ ಹಿಡಿದಿರುವ ಗೀಳು ಬೀಜದ ಮೂಲದ್ದು. ಇದು ಯಾವ ತೋಟದ್ದು, ಆ ತೋಟಕ್ಕಾಗಿ ಕಾಡು ಕಡಿದಿಲ್ಲ ತಾನೆ ಎಂಬುದಕ್ಕೆಲ್ಲ ಪುರಾವೆ ಕೇಳುತ್ತಾರೆ. ಒಂದು ಬೀಜ ಕೈಗೆ ಕೊಟ್ಟರೆ ಅದರ ಕುಲಗೋತ್ರ ಹೇಳಬಲ್ಲವರು ನಾವು ಎಂದು ನಮ್ಮ ಕಂಪನಿಯವರು ಎದೆ ತಟ್ಟಿಕೊಂಡು ಹೇಳುತ್ತಾರೆ.

ಕುಡಿಯದೆ ಅಲ್ಲಿ ಹೇಗೆ ಉಳಿದೆ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ನಮ್ಮಲ್ಲಿ ವಾರಕ್ಕೊಮ್ಮೆ ಎಲ್ಲರೂ ಸಾಲಾಗಿ ನಿಂತು ರುಚಿ ನೋಡುವ ಪದ್ಧತಿ ಇದೆ. ಚಮಚದಲ್ಲಿ ಕಾಫಿ ಎತ್ತಿ, ಸೊರ್ರೆಂದು ಸದ್ದು ಮಾಡಿ ಬಾಯಿಗೆಳೆದು, ನಾಲಗೆಯ ಮೇಲೆ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳಬೇಕು. ನುಂಗುವ ಅಗತ್ಯವಿಲ್ಲ. ಸದ್ದು ಜೋರಾದಷ್ಟೂ ರುಚಿ ಚೆನ್ನಾಗಿ ತಿಳಿಯುತ್ತದಂತೆ. ಮೊದಲ ದಿನ ನನ್ನ ಸದ್ದು ಕೇಳಿ ಮ್ಯಾನೇಜರ್ ಹೆಲನ್ ಚಮಚ ಕೆಳಗಿಟ್ಟು, "ಎಲ್ಲಿ ತರಬೇತಿ ಆಯ್ತು ನಿಮಗೆ?" ಎಂದು ಕೇಳಿದಳು. ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಸೊರ್ರ್ ಎಂದು ಎಳೆಯುವ ಅಜ್ಜನ ಪಕ್ಕ ಕೂತು ಕಲಿತದ್ದು ಎಂದು ಹೇಳುವುದು ಹೇಗೆ? "ಕುಟುಂಬದಲ್ಲೇ ಇದೆ" ಎಂದೆ. ಅಂದಿನಿಂದ ನನ್ನ ನಾಲಗೆಗೆ ಆಫೀಸಿನಲ್ಲಿ ಬಹಳ ಮರ್ಯಾದೆ. ಅದೇ ಸದ್ದನ್ನು ಮನೆಯಲ್ಲಿ ಮಾಡಿದರೆ ಹೆಂಡತಿ ಅಡುಗೆಮನೆಯಿಂದಲೇ "ರೀ!" ಎನ್ನುತ್ತಾಳೆ.

ಹೆಂಡತಿ ವಸುಧಾ ಮೈಸೂರಿನವಳು. ಕಿಂಗ್ಸ್‌ಬರಿಯ ನಮ್ಮ ಫ್ಲಾಟ್‌ನಲ್ಲಿ ಅವಳ ಕಾಫಿ ಫಿಲ್ಟರು ಒಲೆಯ ಎಡಕ್ಕೆ, ನನ್ನ ಚಹಾ ಡಬ್ಬಿ ಬಲಕ್ಕೆ. ಆ ಡಬ್ಬಿಯ ಬಗ್ಗೆ ಒಂದು ಮಾತು ಹೇಳಬೇಕು. ಅದರಲ್ಲಿರುವುದು ಧಾರವಾಡದ ಮಾರ್ಕೆಟ್ಟಿನ ಒಂದೇ ಅಂಗಡಿಯ ಪುಡಿ. ಊರಿಂದ ಯಾರಾದರೂ ಬಂದರೆ ನಮ್ಮವ್ವ ಕಳಿಸುತ್ತಾಳೆ. ಇಲ್ಲಿಯ ಟೀ ಬ್ಯಾಗುಗಳನ್ನು ಕಂಡರೆ ನನಗಾಗದು. ದಾರ ಕಟ್ಟಿ ನೀರಿಗಿಳಿಸಿದ ಪದಾರ್ಥಕ್ಕೆ ಚಹಾ ಎನ್ನುವುದಾದರೂ ಹೇಗೆ? ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿಯೇ ಕಪ್ಪು ಕೈಗೆ ಕೊಡುತ್ತೇನೆ. ಅವ್ವನ ಕೈಗುಣವೂ ದೊಡ್ಡದು. ಊರಿಂದ ಯಾರೂ ಬರದೆ ತಿಂಗಳುಗಟ್ಟಲೆ ಆದರೂ ಆ ಡಬ್ಬಿಯ ತಳ ಕಂಡದ್ದನ್ನು ನಾನು ನೋಡಿಲ್ಲ.

ಈ ಸಲದ ಬೇಸಿಗೆಗೆ ಮಾವ ಬಂದರು. ಅತ್ತೆ ಎರಡನೇ ಮಗಳ ಬಾಣಂತನಕ್ಕೆಂದು ಮೈಸೂರಿನಲ್ಲೇ ಉಳಿದು, ಮಾವನನ್ನು ಒಬ್ಬರನ್ನೇ ವಿಮಾನ ಹತ್ತಿಸಿದ್ದರು. ಎಷ್ಟೋ ವರ್ಷದಿಂದ ಕರೆದರೂ ಬಾರದಿದ್ದ ಅಪ್ಪ ಬಂದರೆಂದು ವಸುಧಾ ಕಾಲು ನೆಲಕ್ಕೇ ತಾಗದಂತೆ ಓಡಾಡುತ್ತಿದ್ದಳು. ಮಾವ ಕೋಟು ಬಿಚ್ಚುವ ಮೊದಲೇ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಮಗಳ ಕೈಗಿಟ್ಟರು. "ನಿಮ್ಮಮ್ಮ ತುಂಬಿಕೊಟ್ಟಿದ್ದು. ಅಪ್ಪಟ ಕಾಫಿ, ಚಿಕೋರಿ ಒಂದು ಚಿಟಿಕೇನೂ ಇಲ್ಲ" ಎಂದರು. ನಂತರ ನನ್ನ ಕಡೆ ತಿರುಗಿ, "ಅಳಿಯಂದ್ರೇ, ನೀವು ಈ ಕಸುಬಿನೋರು, ನಿಮಗೆ ಹೇಳಬೇಕಾಗಿಲ್ಲ. ಬೇರು ಹುರಿದು ಪುಡಿ ಮಾಡಿ ಕಾಫಿ ಅಂತ ಕುಡಿಯೋ ಜನಾನ ನಾನು ಮನುಷ್ಯರು ಅಂತಾನೇ ಲೆಕ್ಕಕ್ಕೆ ತಗೊಳಲ್ಲ" ಎಂದರು. ಕಸುಬಿನವನ ಗಾಂಭೀರ್ಯದಿಂದ ನಾನು ತಲೆಯಾಡಿಸಿದೆ.

ಡಬ್ಬಿ ಇರುವಷ್ಟು ದಿನ ಎಲ್ಲ ಚೆನ್ನಾಗಿತ್ತು. ಅದು ಖಾಲಿಯಾಗುವ ಹೊತ್ತಿಗೆ ಊರಿಗೆ ಹೋಗಿದ್ದ ನಮ್ಮ ಪರಿಚಯದ ಬಸವರಾಜ ವಾಪಸು ಬರುವವನಿದ್ದ. ವಿಜಯಪುರದವನು, ಫೆಲ್ಥಮ್‌ನಲ್ಲಿ ಮನೆ, ಏರ್‌ಪೋರ್ಟಿನಲ್ಲಿ ಕೆಲಸ. ಮಾವನೇ ಮೈಸೂರಿನ ಅಂಗಡಿಯವನಿಗೆ ಫೋನು ಮಾಡಿ, ತಾವು ಯಾವಾಗಲೂ ಕೊಳ್ಳುವ ಪುಡಿಯನ್ನೇ ಬೀಸಿಸಿ ಕೊರಿಯರಿನಲ್ಲಿ ಬಸವರಾಜನಿಗೆ ಮುಟ್ಟಿಸಿದರು. "ಸರ್ರ, ನನ್ನ ಅಂಗಿ, ಟವೆಲ್ಲು, ಅವ್ವ ಕೊಟ್ಟ ಶೇಂಗಾ ಹೋಳಿಗಿ ಸೈತ ಕಾಫಿ ವಾಸನಿ ಹೊಡಿಯಾಕ ಹತ್ಯಾವ್ರಿ" ಎನ್ನುತ್ತ ಅವನು ಪೊಟ್ಟಣ ತಂದುಕೊಟ್ಟ. ಮರುದಿನ ಬೆಳಿಗ್ಗೆ ಮಾವ ಲೋಟ ತುಟಿಗಿಟ್ಟರು, ಇಳಿಸಿದರು, ಮತ್ತೆ ಇಟ್ಟರು. "ಏನೋ ಕೊರತೆ ಇದೆ ಕಣಮ್ಮಾ" ಎಂದರು.

ಆ ಕೊರತೆ ದಿನದಿನಕ್ಕೆ ಬೆಳೆಯಿತು. ಅದೇ ಅಂಗಡಿ, ಅದೇ ಪುಡಿ, ಅದೇ ಫಿಲ್ಟರು, ಅದೇ ಮಗಳು. ಆದರೂ ಅರ್ಧ ಲೋಟ ಹಾಗೇ ಉಳಿಯುತ್ತಿತ್ತು. ಮೊದಲು ಹಾಲಿನ ಮೇಲೆ ತಪ್ಪು ಹೊರಿಸಿದರು, ಆಮೇಲೆ ಲಂಡನ್ನಿನ ನೀರಿನ ಮೇಲೆ, ಕೊನೆಗೆ ಪುಡಿ ಬೀಸಿಕೊಟ್ಟ ಅಂಗಡಿಯವನ ಮಗನ ಮೇಲೆ. ಬೆಳಗಿನ ವಾಕಿಂಗ್ ನಿಂತಿತು. ಸೋಫಾದ ಮೂಲೆಯಲ್ಲಿ ಕೂತು ಕಿಟಕಿಯ ಆಚೆ ಕೌನ್ಸಿಲ್ಲಿನ ಕಸದ ಗಾಡಿ ನೋಡುವುದೇ ಕೆಲಸವಾಯಿತು. ನನ್ನ ಮಗಳು ಅನಘಾ ಕನ್ನಡ ಎಲ್ಲ ತಿಳಿದರೂ ಉತ್ತರ ಇಂಗ್ಲಿಷಿನಲ್ಲೇ ಕೊಡುವವಳು. "ಡ್ಯಾಡ್, ತಾತ ಈಸ್ ಹೋಮ್‌ಸಿಕ್" ಎಂದಳು. ಒಂದು ಸಂಜೆ ಮಾವ, ವಾಪಸು ಹೋಗುವ ಟಿಕೆಟ್ಟನ್ನು ಬೇಗನೆಯ ದಿನಕ್ಕೆ ಬದಲಿಸಲು ಆಗುತ್ತದೆಯೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ವಸುಧಾ ನಲ್ಲಿ ನಿಲ್ಲಿಸಿದ್ದು ನನಗೆ ಕೇಳಿಸಿತು.

ಆಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಕಣ್ಣು ಕೆಂಪಾಗಿತ್ತು. "ಅಪ್ಪ ಇನ್ನೊಂದ್ಸಲ ಇಷ್ಟು ದೂರ ಬರ್ತಾರೆ ಅಂತ ನಂಗೆ ನಂಬಿಕೆ ಇಲ್ಲ ರೀ. ಒಂದು ಲೋಟ ಕಾಫಿ ಸರಿಯಾಗಿ ಕೊಡೋಕಾಗ್ದೆ ಕಳಿಸಿಬಿಡ್ಲಾ? ಇಡೀ ಯೂರೋಪಿಗೆ ಕಾಫಿ ವಿಷ್ಯ ಹೇಳ್ತೀರಲ್ಲ, ನಮ್ಮಪ್ಪನ ಲೋಟದಲ್ಲಿ ಏನಾಗಿದೆ ಅಂತ ಹೇಳಕ್ಕಾಗಲ್ವಾ?" ನನಗೆ ನಿಜಕ್ಕೂ ಕೆಡುಕೆನಿಸಿತು. "ನೋಡ್ತೀನಿ ತಡಿ, ನಾ ಅದೀನಲ್ಲ" ಎಂದೆ. ಧೈರ್ಯ ಕಡಿಮೆಯಾದಾಗ ನನಗೆ ಧಾರವಾಡದ ಮಾತು ತಾನಾಗಿ ಬರುತ್ತದೆ.

ಆಫೀಸಿನ ಜ್ಞಾನವನ್ನೆಲ್ಲ ಮನೆಗೆ ತಂದೆ. ನೀರಿನ ಬಿಸಿ ಅಳೆದೆ, ಸೋಸಿದ ನೀರು ಹಾಕಿಸಿದೆ. ಪ್ರಶಸ್ತಿ ಪಡೆದ ತೋಟದ ಬೀಜದ ಸ್ಯಾಂಪಲ್ ತಂದು ಮಾವನಿಗೆ ಕುಡಿಸಿದೆ. ಉತ್ತರದ ದೇಶಗಳಲ್ಲಿ ಈಗ ಇದಕ್ಕೇ ಬೇಡಿಕೆ, ಕೊನೆಯಲ್ಲಿ ಮಲ್ಲಿಗೆಯ, ಏಪ್ರಿಕಾಟಿನ ಛಾಯೆ ಬರುತ್ತದೆ ಎಂದು ವಿವರಿಸಿದೆ. ಅವರು ಒಂದು ಗುಟುಕು ಕುಡಿದು, "ಕಾಫಿ ಛಾಯೆ ಯಾವಾಗ ಬರತ್ತೆ?" ಎಂದು ಕೇಳಿದರು. ಇದನ್ನು ಕೇಳಿ ಅನಘಾ ನಕ್ಕಿದ್ದು ನನಗೆ ಸರಿಬರಲಿಲ್ಲ.

ಹೀಗಿರುವಾಗ ಆಫೀಸಿನಲ್ಲಿ ಹೊಸ ವರದಿಯ ಕೆಲಸ ಬಂತು. ಕೆಫೀನ್ ಬೇಡ, ನಿದ್ದೆ ಬೇಕು ಎನ್ನುವ ಜನ ಯೂರೋಪಿನಲ್ಲಿ ಹೆಚ್ಚುತ್ತಿದ್ದಾರೆ, ಅವರಿಗಾಗಿ ಏನೇನು ಬಂದಿದೆ ನೋಡಿ ಎಂದು ಹೆಲನ್ ಮೇಜಿನ ಮೇಲೆ ಒಂದಷ್ಟು ಪೊಟ್ಟಣ ಸುರಿದಳು. ಅದರಲ್ಲೊಂದು ಫ್ರಾನ್ಸಿನ ಚಿಕೋರಿ. ಕಾಫಿ ಸಿಗದ ಕಾಲದಲ್ಲಿ ಅಲ್ಲಿಯವರು ಈ ಬೇರು ಹುರಿದು ಕುಡಿಯುತ್ತಿದ್ದರು, ಬಡತನದ ನೆನಪೆಂದು ಆಮೇಲೆ ಬಿಟ್ಟರು. ಈಗ ಅವರ ಮೊಮ್ಮಕ್ಕಳು ಆರೋಗ್ಯ ಎಂದು ಚಂದದ ಪೊಟ್ಟಣದಲ್ಲಿ ಕೊಳ್ಳುತ್ತಿದ್ದಾರೆ. ಪೊಟ್ಟಣ ಕತ್ತರಿಸಿ ಮೂಸಿದೆ. ಮತ್ತೊಮ್ಮೆ ಮೂಸಿದೆ. ಅದು ಮಾವನ ಸ್ಟೀಲಿನ ಡಬ್ಬಿಯ ವಾಸನೆಯಾಗಿತ್ತು.

ಮನೆಗೆ ಬಂದು ಖಾಲಿ ಡಬ್ಬಿಯನ್ನು ಮತ್ತೆ ಮೂಸಿದೆ. ಅನುಮಾನವೇ ಇರಲಿಲ್ಲ. ಆದರೆ ಹೇಳುವುದು ಯಾರಿಗೆ? ಚಿಕೋರಿ ಕುಡಿಯುವವರನ್ನು ಮನುಷ್ಯರಲ್ಲ ಎಂದ ಮನುಷ್ಯನಿಗೆ, ನೀವು ಜೀವಮಾನವೆಲ್ಲ ಅದನ್ನೇ ಕುಡಿದಿರಿ ಎಂದು ಹೇಳುವುದು ಹೇಗೆ? ಶನಿವಾರ ಮೂವರೂ ದೇವಸ್ಥಾನಕ್ಕೆ ಹೋದಾಗ ಅತ್ತೆಗೆ ಫೋನು ಮಾಡಿದೆ. ವಿಷಯ ಕೇಳಿ ಅತ್ತೆ ನಕ್ಕರು, ನಕ್ಕು ನಕ್ಕು ಕೆಮ್ಮಿದರು.

"ಸಿಕ್ಕಿಬಿದ್ನಲ್ಲಪ್ಪ! ಮದುವೆಯಾದ ಹೊಸದರಲ್ಲಿ ಅವರು ಹೇಳಿದ ಹಾಗೇ ಅಪ್ಪಟದ್ದು ಮಾಡ್ಕೊಟ್ಟೆ. ಮುಖ ಹುಳ್ಳಗೆ ಮಾಡ್ಕೊಂಡ್ರು. ಮಾರನೇ ದಿನ ಪಕ್ಕದ ಮನೆಯಿಂದ ಒಂದು ಚಮಚ ಚಿಕೋರಿ ಇಸ್ಕೊಂಡು ಸೇರಿಸ್ದೆ. ಕುಡಿದು, 'ನೋಡು, ಇದು ಅಪ್ಪಟ ಕಾಫಿ' ಅಂದ್ರು. ಇನ್ನೇನು ಮಾಡ್ಲಿ ಹೇಳಿ? ಆವತ್ತಿಂದ ಹಾಗೇ ನಡ್ಕೊಂಡು ಬಂದಿದೆ."

"ವಸುಧಾಗೆ ಗೊತ್ತೇನು?"

"ಇದು ಗೊತ್ತಿಲ್ಲ, ಹೇಳ್ಬೇಡಿ. ಅವಳು ಅಪ್ಪನ ಮಗಳು, ಬಾಯಿ ತಪ್ಪಿ ಅಂದುಬಿಡ್ತಾಳೆ." ಮತ್ತೆ ತಾವೇ, "ಆದ್ರೂ ನನ್ನ ಹೊಟ್ಟೇಲಿ ಹುಟ್ಟಿದೋಳು, ಪೂರ್ತಿ ಪೆದ್ದಿ ಏನಲ್ಲ" ಎಂದರು. ಆ ಮಾತಿನ ಅರ್ಥ ಏನೆಂದು ನಾನು ಆಗ ವಿಚಾರಿಸಲಿಲ್ಲ. ಎಷ್ಟಕ್ಕೆ ಎಷ್ಟು ಬೆರೆಸಬೇಕೆಂದು ಕೇಳಿಕೊಂಡು ಫೋನಿಟ್ಟೆ.

ಆಫೀಸಿನಿಂದ ತಂದಿದ್ದ ಚಿಕೋರಿಯನ್ನು ಬಸವರಾಜ ತಂದ ಪುಡಿಗೆ ಬೆರೆಸಿ, ಡಬ್ಬಿಗೆ ತುಂಬಿ, ಕೈ ಮೂರು ಸಲ ತೊಳೆದುಕೊಂಡೆ. ಭಾನುವಾರ ಬೆಳಿಗ್ಗೆ ಮಾವ ಲೋಟ ತುಟಿಗಿಟ್ಟರು. ಇಳಿಸಲಿಲ್ಲ. ಖಾಲಿಯಾದ ಮೇಲೆ ತಳ ನೋಡಿ, "ವಸೂ, ಇನ್ನರ್ಧ ಲೋಟ ಇದ್ಯಾ?" ಎಂದರು. ಅವಳ ಮುಖ ನೋಡಬೇಕಿತ್ತು. ಏನು ಮಾಡಿದಿರಿ ಎಂದು ಎಲ್ಲರೂ ಕೇಳಿದರು. ಪುಡಿಗೆ ವಿಮಾನದ ದಣಿವು ಆಗಿರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ವಿಶ್ರಾಂತಿ ಕೊಟ್ಟರೆ ಹದಕ್ಕೆ ಬರುತ್ತದೆ, ಯೂರೋಪಿನಲ್ಲಿ ಈಗ ಎಲ್ಲರೂ ಹೀಗೇ ಮಾಡುವುದು ಎಂದೆ. ಇಷ್ಟು ದೊಡ್ಡ ಸುಳ್ಳನ್ನು ನಾನು ಯಾವ ವರದಿಯಲ್ಲೂ ಬರೆದಿಲ್ಲ. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ. ದೀಪಾವಳಿ ಮುಗಿಸಿಯೇ ಹೋಗುತ್ತೇನೆ ಎಂದು ಮಾವ ತಾವಾಗಿ ಹೇಳಿದರು.

ಮುಂದಿನ ವಾರ ನಾಲ್ಕಾರು ಕನ್ನಡದ ಮನೆಯವರನ್ನು ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಮಾವ ನಡುವೆ ಕೂತು, ತಮ್ಮ ಮನೆಯ ಕಾಫಿಗೆ ಚಿಕೋರಿ ಸೋಕಿಲ್ಲ, ಸೋಕಿದ್ದರೆ ನಾಲಗೆಯ ತುದಿಗೆ ತಾಗಿದ ಕೂಡಲೇ ಹಿಡಿದುಬಿಡುತ್ತೇನೆ ಎಂದು ಭಾಷಣ ಮಾಡಿದರು. ನನಗೆ ಒಳಗೊಳಗೇ ನಗು. ಪಾಪ, ಹೆಂಡತಿ ಕೊಟ್ಟದ್ದನ್ನು ಅಪ್ಪಟವೆಂದು ನಂಬಿದ ಮುಗ್ಧ ಜೀವ ಎಂದುಕೊಂಡೆ. ಆ ಹುರುಪಿನಲ್ಲಿ ನಾನೂ ಚಹಾದ ಕಪ್ಪೆತ್ತಿ, "ಧಾರವಾಡದ ಪುಡಿರೀ ಇದು, ಇಲ್ಲೀ ಟೀ ಬ್ಯಾಗಿನ ಮಾಲ್ ನಮ್ಮನಿಯಾಗ ನಡಿಯೂದಿಲ್ಲ" ಎಂದೆ. ಬಸವರಾಜ, "ಅದಕ್ಕs ನೋಡ್ರಿ, ಇಂಥಾ ಚಾ ಎಲ್ಲೂ ಸಿಗೂದಿಲ್ಲ" ಎಂದು ಬಸಿಗೆ ಸುರಿದುಕೊಂಡ. ವಸುಧಾ ಮಾತ್ರ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾವ ದೀಪಾವಳಿಯವರೆಗೆ ಇರುವುದಾದರೆ ಚಿಕೋರಿ ಪೊಟ್ಟಣಕ್ಕೆ ಒಂದು ಖಾಯಂ ಜಾಗ ಬೇಕಿತ್ತು. ಎಷ್ಟು ದಿನ ಆಫೀಸಿನ ಚೀಲದಲ್ಲಿಡುವುದು? ಯಾರೂ ಕೈಯಾಡಿಸದ ಜಾಗವೆಂದರೆ ಅಡುಗೆಮನೆಯ ಮೇಲಿನ ಕಪಾಟು, ಕೆಟ್ಟ ಮಿಕ್ಸಿಯ ಪೆಟ್ಟಿಗೆಯ ಹಿಂದೆ. ಮಾವ ಮತ್ತು ವಸುಧಾ ಪಾರ್ಕಿಗೆ ಹೋದ ಹೊತ್ತು ನೋಡಿ ಸ್ಟೂಲು ಹತ್ತಿ ಕೈ ಚಾಚಿದೆ. ಅಲ್ಲಿ ಆಗಲೇ ಏನೋ ಇತ್ತು. ಎಳೆದು ನೋಡಿದರೆ ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿನ ಟೀ ಬ್ಯಾಗುಗಳ ದೊಡ್ಡ ಪೆಟ್ಟಿಗೆ. ಪಕ್ಕದಲ್ಲಿ ಒಂದು ಪುಟ್ಟ ಕತ್ತರಿ. ಒಂದು ಪ್ಲಾಸ್ಟಿಕ್ ಚೀಲದ ತುಂಬ ಹೊಟ್ಟೆ ಸೀಳಿಸಿಕೊಂಡ ಖಾಲಿ ಬ್ಯಾಗುಗಳು.

ಒಂದು ಖಾಲಿ ಬ್ಯಾಗು ಎತ್ತಿ ಮೂಸಿದರೆ ನನ್ನ ಚಹಾ ಡಬ್ಬಿಯದೇ ವಾಸನೆ. ತಳ ಕಾಣದ ಡಬ್ಬಿ, ಅವ್ವನ ಕೈಗುಣ, ಪೆದ್ದಿಯಲ್ಲ ಎಂದ ಅತ್ತೆ, ಎಲ್ಲ ಒಂದೊಂದಾಗಿ ನೆನಪಾದವು. ಬೀಜ ಕೊಟ್ಟರೆ ಕುಲಗೋತ್ರ ಹೇಳುವ ನಾಲಗೆಯನ್ನು ಹಲ್ಲಿನ ಹಿಂದೆ ಸುಮ್ಮನೆ ಇಟ್ಟುಕೊಂಡು, ನನ್ನ ಚಿಕೋರಿ ಪೊಟ್ಟಣವನ್ನು ಟೀ ಬ್ಯಾಗಿನ ಪೆಟ್ಟಿಗೆಗೆ ಒತ್ತಿಟ್ಟು, ಬಾಗಿಲು ಮುಚ್ಚಿ ಕೆಳಗಿಳಿದೆ.

ಸಂಜೆ ಅಡುಗೆಮನೆಯ ಮೇಲಿನ ಕಪಾಟು ತೆಗೆದ ಸದ್ದು ಕೇಳಿಸಿತು, ಅದರ ಹಿಂದೆಯೇ ವಸುಧಾ ಚಹಾ ತಂದಳು, ಜೊತೆಗೆ ಎಂದೂ ಇಲ್ಲದ್ದು ಒಂದು ಬಸಿ. ಸೊರ್ರೆಂದು ಎಳೆದೆ. ಅವಳು "ರೀ" ಎನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಹೇಗಿದೆ?" ಎಂದು ಕೇಳಿದಳು.

"ಏನ್ ಹೇಳಲಿ," ಎಂದೆ, "ಧಾರವಾಡದ್ದು ಅಂದ್ರ ಧಾರವಾಡದ್ದs."